ಮನೆಯ ಡೆಸ್ಕ್‌ಟಾಪ್‌ಗೆ ಯಾವ ಯುಪಿಎಸ್? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಜೋಡಿಸಿಕೊಡುವ, ರಿಪೇರಿ ಮಾಡುವ ಕೆಲಸದಲ್ಲಿರುವವರಿಗೆ ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರನ್ನು ತುಸು ಹೊತ್ತು ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆಯ ಬಗ್ಗೆ ಪ್ರಶ್ನೆ ಬಾರದ ವಾರವೇ ಇರುವುದಿಲ್ಲ. ಎದುರಿಗೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತುಸು ಆಳದವು. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಬಹುದು.

## ಮೊದಲ ಪ್ರಶ್ನೆಗಳು

ನಮ್ಮೂರಲ್ಲಿ ಈಗ ಕರೆಂಟು ಅಷ್ಟಾಗಿ ಹೋಗುವುದಿಲ್ಲ. ಆದರೂ ಯುಪಿಎಸ್ ಬೇಕೇ?

ದಿನಕ್ಕೆ ಆರು ಗಂಟೆ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ ಕಡೇಪಕ್ಷ ಯಾವಾಗ ಹೋಗುತ್ತದೆ ಎಂದು ಗೊತ್ತಿರುತ್ತಿತ್ತು. ಈಗಿನ ತೊಂದರೆ ಬೇರೆ. ಕರೆಂಟು ಹೋಗಿ ಒಂದೇ ಸೆಕೆಂಡಿನಲ್ಲಿ ಬರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಟ್ಯೂಬ್‌ಲೈಟು ಒಮ್ಮೆ ಮಿಟುಕುತ್ತದೆ ಅಷ್ಟೇ. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ತು ಕೊಡುವ ಡಬ್ಬಿ) ಪೂರ್ಣ ಲೋಡಿನಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು, ಅಂದರೆ ಒಂದೇ ಆವರ್ತ ತಪ್ಪಿದರೂ ಕಂಪ್ಯೂಟರ್ ಆರಬಹುದು.

ಉಳಿಸದ ಫೈಲ್ ಹೋಗುವುದು ಚಿಕ್ಕ ನಷ್ಟ. ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವಾಗಲೋ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಬದಲಿಸುತ್ತಿರುವಾಗಲೋ ಹೋದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ಮನೆಯಲ್ಲೇ ಡಿಟಿಪಿ ಮಾಡುವವರು ಈ ಪ್ರಶ್ನೆಯನ್ನು ಎರಡನೇ ಸಲ ಕೇಳುವುದಿಲ್ಲ.

ಕರೆಂಟು ಹೋದ ಮೇಲೆ ಎಷ್ಟು ಹೊತ್ತು ಕೆಲಸ ಮಾಡಬಹುದು?

ಕೆಲಸ ಮಾಡುವುದಕ್ಕೆ ಅಲ್ಲ, ಕೆಲಸ ಮುಗಿಸುವುದಕ್ಕೆ. ಮನೆಯ ಚಿಕ್ಕ ಯುಪಿಎಸ್ ಇರುವುದು ಫೈಲ್ ಉಳಿಸಿ, ಕ್ರಮವಾಗಿ ಶಟ್‌ಡೌನ್ ಮಾಡುವಷ್ಟು ಸಮಯ ಕೊಡಲು. ಜನ ನಿರಾಶರಾಗುವುದು ಇಲ್ಲಿಯೇ, ಮಾರುವವರು ಅಸ್ಪಷ್ಟವಾಗಿ ಮಾತಾಡುವುದೂ ಇಲ್ಲಿಯೇ.

ಲೆಕ್ಕ ನೀವೇ ಮಾಡಬಹುದು. 600 ವಿಎ (ವೋಲ್ಟ್-ಆಂಪಿಯರ್, ಯುಪಿಎಸ್‌ನ ಸಾಮರ್ಥ್ಯದ ಅಳತೆ) ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಒಂದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವ್ಯಾಟ್-ಅವರ್. ಆದರೆ ಆ 7 ಎಂಬ ಅಂಕಿ 20 ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗಿನದು. ನಿಮಿಷಗಳಲ್ಲಿ ಹೀರಿದರೆ ಸೀಸದ ಬ್ಯಾಟರಿ ಅದರ ಅರ್ಧದಷ್ಟನ್ನು ಕೊಟ್ಟರೆ ಹೆಚ್ಚು. ಇನ್ವರ್ಟರ್ ಭಾಗದಲ್ಲಿ ಐದರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಎಲ್ಲ ಕಳೆದು ಉಳಿಯುವುದು ಇಷ್ಟು: ಹೊಸ ಬ್ಯಾಟರಿಯಿದ್ದರೆ 100 ವ್ಯಾಟ್ ಲೋಡಿಗೆ ಸುಮಾರು 20 ನಿಮಿಷ, 200 ವ್ಯಾಟಿಗೆ ಏಳೆಂಟು ನಿಮಿಷ, 300 ವ್ಯಾಟಿಗೆ ನಾಲ್ಕೈದು ನಿಮಿಷ. ಲೋಡ್ ಅರ್ಧಕ್ಕಿಳಿದರೆ ಸಮಯ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಕರೆಂಟು ಹೋದ ಕೂಡಲೇ ಆಟವನ್ನೋ ವಿಡಿಯೋ ರೆಂಡರಿಂಗನ್ನೋ ನಿಲ್ಲಿಸಿದರೆ ಒಳ್ಳೆಯ ಲಾಭವಿದೆ.

ಮನೆಯಲ್ಲಿ ಇನ್ವರ್ಟರ್ ಇದೆ. ಅದಕ್ಕೇ ಕಂಪ್ಯೂಟರ್ ಕೊಟ್ಟರೆ ಆಗದೇ?

ಬಹಳಷ್ಟು ಮನೆಗಳಲ್ಲಿ ಆಗುತ್ತದೆ. ಎರಡು ಷರತ್ತುಗಳಿವೆ.

ಮೊದಲನೆಯದು, ಇನ್ವರ್ಟರ್ ಸೈನ್ ವೇವ್ (ಗೋಡೆಯ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವಂಥದ್ದು) ಆಗಿರಬೇಕು. ಎರಡನೆಯದು, ಅದರ ಹಿಂಭಾಗದಲ್ಲೋ ಮುಂಭಾಗದಲ್ಲೋ ಇರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಆ ಮೋಡ್‌ನಲ್ಲಿ ಇನ್ವರ್ಟರ್ ಹತ್ತು-ಹದಿನೈದು ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಕಂಪ್ಯೂಟರ್ ತಡೆದುಕೊಳ್ಳುತ್ತದೆ. ಸಾಮಾನ್ಯ ಮೋಡ್‌ನಲ್ಲಿ 40 ಮಿಲಿಸೆಕೆಂಡ್‌ವರೆಗೂ ಹೋಗಬಹುದು, ಫ್ಯಾನಿಗೂ ಲೈಟಿಗೂ ಅದು ಸಾಕು, ಕಂಪ್ಯೂಟರಿಗೆ ಸಾಲದು.

ತಕರಾರು ಬರುವುದು ಹಳ್ಳಿಗಳಲ್ಲಿ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗೆ ಇಳಿದರೆ ಇನ್ವರ್ಟರ್ ಅದನ್ನು ಕರೆಂಟು ಹೋದಂತೆಯೇ ಎಣಿಸಿ ಬ್ಯಾಟರಿಗೆ ಹೋಗುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ 170 ವೋಲ್ಟ್ ಬರುವ ಕಡೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಇನ್ವರ್ಟರ್ ಹಾಕಿದ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚನ್ನು ಸಾಮಾನ್ಯ ಮೋಡ್‌ಗೆ ತಳ್ಳಿ ಹೋಗುತ್ತಾನೆ. ಮರುದಿನದಿಂದ ಕಂಪ್ಯೂಟರ್ ರೀಸ್ಟಾರ್ಟ್ ಆಗಲು ಶುರುವಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಇಂಥ ಮನೆಗೆ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಒಂದು ಚಿಕ್ಕ ಯುಪಿಎಸ್ ಬೇರೆ ಇರಲಿ. ಬದಲಾಗುವ ಆ ಕ್ಷಣವನ್ನು ಯುಪಿಎಸ್ ನೋಡಿಕೊಳ್ಳುತ್ತದೆ, ಉಳಿದ ಎರಡು-ಮೂರು ಗಂಟೆಯನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಹಳೆಯ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ ಕೊಡುವ) ಇನ್ವರ್ಟರಿನ ಹಿಂದೆ ಮಾತ್ರ ಯುಪಿಎಸ್ ಇಡಬೇಡಿ. ಆ ವಿದ್ಯುತ್ತನ್ನು ಅದು ಒಪ್ಪದೆ ಟಕ್ ಟಕ್ ಎಂದು ಬ್ಯಾಟರಿಗೆ ಹೋಗಿ ಬರುತ್ತಾ ಖಾಲಿಯಾಗಿಬಿಡಬಹುದು.

ಸ್ಪೈಕ್ ಗಾರ್ಡ್ ಒಂದಿದ್ದರೆ ಸಾಲದೇ?

ಇಲ್ಲ. ಅದು ಕ್ಷಣಿಕವಾಗಿ ಏರುವ ವೋಲ್ಟೇಜನ್ನು ತುಸು ತಡೆಯುತ್ತದೆ, ಕರೆಂಟು ಹೋದಾಗ ಏನೂ ಮಾಡದು. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಹಲವು ಬರಿಯ ಎಕ್ಸ್‌ಟೆನ್ಷನ್ ಬೋರ್ಡುಗಳು, ಒಳಗೆ ತಡೆಯುವ ಭಾಗವೇ ಇರುವುದಿಲ್ಲ.

## ಲೆಕ್ಕ ಮತ್ತು ಆಯ್ಕೆ

600 ವಿಎ ಎಂದರೆ 600 ವ್ಯಾಟ್ ತಾನೇ?

ಅಲ್ಲ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯುವುದು ವಿಎ, ನಿಮಗೆ ಬೇಕಾದದ್ದು ಹಿಂಬದಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿರುವ ವ್ಯಾಟ್. ನಮ್ಮಲ್ಲಿ ಸಿಗುವ 600 ವಿಎ ಮಾದರಿಗಳು ಬಹುತೇಕ 360 ವ್ಯಾಟಿನವು, 1100 ವಿಎ ಎಂದರೆ 660 ವ್ಯಾಟ್. ಅಂದರೆ ವಿಎಯನ್ನು 0.6ರಿಂದ ಗುಣಿಸಿಕೊಳ್ಳಿ. ವ್ಯಾಟ್ ಬರೆದೇ ಇಲ್ಲದ ಯುಪಿಎಸ್ ಕಂಡರೆ ಅಲ್ಲಿಗೇ ಕೈಬಿಡಿ.

ನನ್ನ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದಿದೆ. ಹಾಗಾದರೆ 1000 ವಿಎ ಬೇಕಾಗುತ್ತದೆಯೇ?

450 ಎಂಬುದು ಅದು ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಮಿತಿ, ಯಾವಾಗಲೂ ಅಷ್ಟು ಎಳೆಯುತ್ತದೆ ಎಂದಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಸುಮ್ಮನಿದ್ದಾಗ 40ರಿಂದ 60, ಮೈಮುರಿದು ಕೆಲಸ ಮಾಡುವಾಗ 100ರಿಂದ 150 ವ್ಯಾಟ್ ಎಳೆಯುತ್ತದೆ. 24 ಅಂಗುಲದ ಎಲ್‌ಇಡಿ ಮಾನಿಟರ್ 20ರಿಂದ 30. ಒಟ್ಟು 180 ದಾಟುವುದು ಕಷ್ಟ. ಇದಕ್ಕೆ 600 ವಿಎ ಧಾರಾಳವಾಗಿ ಸಾಕು.

ಗ್ರಾಫಿಕ್ಸ್ ಕಾರ್ಡ್ ಹಾಕಿದ ಯಂತ್ರದ ಕಥೆ ಬೇರೆ. ಕಾರ್ಡೊಂದೇ ಆಟದ ಸಮಯದಲ್ಲಿ 150ರಿಂದ 300 ವ್ಯಾಟ್ ನುಂಗಬಹುದು. ಇಂಥವಕ್ಕೆ 1100 ವಿಎ ಕೆಳಗೆ ನೋಡಬೇಡಿ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಪ್ಲಗ್-ಇನ್ ವ್ಯಾಟ್ ಮೀಟರ್ ಅಂತರ್ಜಾಲದ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಒಂದು ದಿನ ಅಳೆದು, ಕಂಡ ಗರಿಷ್ಠ ಅಂಕಿ ಯುಪಿಎಸ್‌ನ ವ್ಯಾಟಿನ ಮುಕ್ಕಾಲು ಭಾಗವನ್ನು ಮೀರದಂತೆ ನೋಡಿಕೊಳ್ಳಿ.

ಆಫ್‌ಲೈನ್, ಲೈನ್ ಇಂಟರಾಕ್ಟಿವ್, ಆನ್‌ಲೈನ್ ಎನ್ನುತ್ತಾರೆ. ಮನೆಗೆ ಯಾವುದು?

ಲೈನ್ ಇಂಟರಾಕ್ಟಿವ್. ಆಫ್‌ಲೈನ್ ಬಗೆಯದು ಗೋಡೆಯಿಂದ ಬಂದದ್ದನ್ನು ಹಾಗೆಯೇ ದಾಟಿಸಿ, ವೋಲ್ಟೇಜು ಮಿತಿ ಮೀರಿದರೆ ಬ್ಯಾಟರಿಗೆ ಹೋಗುತ್ತದೆ. ಲೈನ್ ಇಂಟರಾಕ್ಟಿವ್‌ನಲ್ಲಿ ಎವಿಆರ್ ಎಂಬ ಭಾಗವಿದ್ದು, ವೋಲ್ಟೇಜು 160ಕ್ಕೆ ಇಳಿದರೂ 270ಕ್ಕೆ ಏರಿದರೂ ಬ್ಯಾಟರಿ ಮುಟ್ಟದೆ ಟ್ರಾನ್ಸ್‌ಫಾರ್ಮರಿನಿಂದಲೇ ಸರಿಪಡಿಸುತ್ತದೆ. ಆಗ ಒಳಗಿನಿಂದ ಸಣ್ಣದಾಗಿ ಟಕ್ ಎನ್ನುವುದು ರಿಲೇ ಸದ್ದು, ಹೆದರಬೇಕಾಗಿಲ್ಲ. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರಿನಿಂದ) ದೂರವಿರುವ ಕೊನೆಯ ಕಂಬದ ಮನೆಗಳಿಗೆ ಇದು ವರ. ಕೊಳ್ಳುವ ಮುನ್ನ ಇನ್‌ಪುಟ್ ವೋಲ್ಟೇಜ್ ವ್ಯಾಪ್ತಿ ನೋಡಿ, 145ರಿಂದ 290 ಎಂಬ ಹತ್ತಿರದ ಅಂಕಿಗಳಿದ್ದರೆ ಒಳ್ಳೆಯದು.

ಆನ್‌ಲೈನ್ ಬಗೆಯದು ಸದಾ ವಿದ್ಯುತ್ತನ್ನು ಡಿಸಿಗೆ ಇಳಿಸಿ ಮತ್ತೆ ಎಸಿ ಮಾಡುತ್ತಿರುತ್ತದೆ. ಬದಲಾಗುವ ಸಮಯ ಸೊನ್ನೆ, ಆದರೆ ಬೆಲೆ ಹಲವು ಪಟ್ಟು, ಫ್ಯಾನಿನ ಗುಂಯ್‌ಗುಡುವಿಕೆ ರಾತ್ರಿಯೆಲ್ಲ. ಲ್ಯಾಬಿಗೆ, ಆಸ್ಪತ್ರೆಗೆ ಸರಿ. ಮಲಗುವ ಕೋಣೆಯ ಮೂಲೆಯ ಕಂಪ್ಯೂಟರಿಗೆ ಅತಿಯಾಯಿತು.

ಯಾವ ಕಂಪನಿಯದು ತೆಗೆದುಕೊಳ್ಳಲಿ?

ಎಪಿಸಿ, ಲ್ಯುಮಿನಸ್, ಮೈಕ್ರೋಟೆಕ್, ವಿ-ಗಾರ್ಡ್, ನ್ಯೂಮರಿಕ್ ಹೀಗೆ ಹೆಸರುಗಳಿವೆ. ಇವುಗಳಲ್ಲಿ ಒಂದಕ್ಕೆ ಒತ್ತು ಕೊಡುವುದಕ್ಕಿಂತ ನಾನು ಗಿರಾಕಿಗಳಿಗೆ ಹೇಳುವುದು ಮೂರು ಮಾತು. ನಿಮ್ಮ ತಾಲ್ಲೂಕಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಅದಕ್ಕೆ ಸರ್ವಿಸ್ ಸೆಂಟರ್ ಇದೆಯೇ ಕೇಳಿ. ವಾರಂಟಿ ಬ್ಯಾಟರಿಗೂ ಅನ್ವಯಿಸುತ್ತದೆಯೇ ಕೇಳಿ. ಮತ್ತು ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ನೋಡಿ: ಮನೆ ಬಳಕೆಯ ಯುಪಿಎಸ್‌ಗಳಿಗೆ ಐಎಸ್ 16242 ಮಾನದಂಡದ ನೋಂದಣಿ ಕಡ್ಡಾಯ. ಆ ಗುರುತಿನ ಜೊತೆಗಿರುವ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದ ಪೆಟ್ಟಿಗೆ ರಿಯಾಯಿತಿ ದರದಲ್ಲಿ ಸಿಕ್ಕರೆ ಹಿಗ್ಗಬೇಡಿ. ಚಾರ್ಜಿಲ್ಲದೆ ಕುಳಿತ ಸೀಸದ ಬ್ಯಾಟರಿ ಒಳಗೇ ಸಾಯುತ್ತಿರುತ್ತದೆ. ತಯಾರಾದ ತಿಂಗಳು ನೋಡಿ, ಆರು ತಿಂಗಳು ಮೀರಿದ್ದರೆ ಬೇರೆ ಕೇಳಿ.

ಯುಪಿಎಸ್‌ಗೆ ಏನೇನು ಸಿಕ್ಕಿಸಬಹುದು?

ಸಿಪಿಯು, ಮಾನಿಟರ್, ವೈಫೈ ರೌಟರ್. ಲೇಸರ್ ಪ್ರಿಂಟರ್ ಮಾತ್ರ ಬೇಡವೇ ಬೇಡ. ಶಾಯಿಪುಡಿಯನ್ನು ಕಾಗದಕ್ಕೆ ಅಂಟಿಸಲು ಅದರೊಳಗೊಂದು ಹೀಟರ್ ಇದೆ. ಅದು ಬಿಸಿಯಾಗುವ ಕ್ಷಣದಲ್ಲಿ 600 ವಿಎ ಯುಪಿಎಸ್ ಓವರ್‌ಲೋಡ್ ಎಂದು ಚೀರಿ ಕಂಪ್ಯೂಟರ್ ಸಮೇತ ಆರಿಹೋಗುತ್ತದೆ. ಫ್ಯಾನು, ಟೇಬಲ್ ಲ್ಯಾಂಪ್ ಇತ್ಯಾದಿಗಳನ್ನೂ ದೂರವಿಡಿ.

ಇಂಟರ್ನೆಟ್ ಮಾತ್ರ ಉಳಿದರೆ ಸಾಕು ಎನ್ನುವವರು ರೌಟರಿಗೆಂದೇ ಬರುವ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ತೆಗೆದುಕೊಳ್ಳಬಹುದು. ರೌಟರ್ ಎಳೆಯುವುದು ಹತ್ತು ವ್ಯಾಟಿನ ಆಸುಪಾಸು, ಅದರಲ್ಲಿ ಗಂಟೆಗಟ್ಟಲೆ ಬರುತ್ತದೆ.

## ಮನೆಯ ವೈರಿಂಗ್, ಸಿಡಿಲು, ಜನರೇಟರ್

ಸಿಪಿಯು ಮುಟ್ಟಿದರೆ ಜುಮ್ ಎನ್ನುತ್ತದೆ. ಯುಪಿಎಸ್ ಹಾಕಿದರೆ ಸರಿಹೋಗುತ್ತದೆಯೇ?

ಸರಿಹೋಗದು, ಅದು ಅರ್ಥಿಂಗ್ ಇಲ್ಲ ಎಂಬ ಸೂಚನೆ. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಲೋಹದ ಡಬ್ಬಿಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ತರುವ ಅಲ್ಪ ವಿದ್ಯುತ್ತು ಅರ್ಥ್ ತಂತಿಯಲ್ಲಿ ಭೂಮಿಗೆ ಹೋಗಬೇಕು. ಆ ತಂತಿ ಎಲ್ಲೋ ತುಂಡಾಗಿದ್ದರೆ ಡಬ್ಬಿಯ ಮೇಲೆ ಹೆಚ್ಚುಕಡಿಮೆ 115 ವೋಲ್ಟ್ ಕುಳಿತಿರುತ್ತದೆ, ನಿಮ್ಮ ಬೆರಳಿಗೆ ಅದೇ ಚುಮುಗುಟ್ಟುವುದು. ಯುಪಿಎಸ್ ತನ್ನ ಅರ್ಥ್ ಅನ್ನೂ ಅದೇ ಗೋಡೆಯಿಂದ ಪಡೆಯುತ್ತದೆ. ಗೋಡೆಯಲ್ಲೇ ಇಲ್ಲದ್ದನ್ನು ಅದು ಎಲ್ಲಿಂದ ತಂದೀತು?

ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಲು ಹೇಳಿ. ಎರಡು-ಮೂರು ವೋಲ್ಟಿನೊಳಗಿದ್ದರೆ ನೆಮ್ಮದಿ. ಹತ್ತು, ಇಪ್ಪತ್ತು ತೋರಿಸಿದರೆ ಮನೆಯ ಅರ್ಥಿಂಗ್ ಗುಂಡಿಯಿಂದಲೇ ಕೆಲಸ ಶುರುವಾಗಬೇಕು. ಯುಪಿಎಸ್ ಖರೀದಿ ಅದಾದ ಮೇಲೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಬಳಸುವ ಸಾಹಸ ಬೇಡ.

ಏಪ್ರಿಲ್-ಮೇನಲ್ಲಿ ಗುಡುಗು ಸಿಡಿಲು ಜಾಸ್ತಿ. ಯುಪಿಎಸ್ ಇದ್ದರೆ ಕಂಪ್ಯೂಟರ್ ಸುರಕ್ಷಿತವೇ?

ದೂರದ ಸಿಡಿಲಿನಿಂದ ತಂತಿಯಲ್ಲಿ ಬರುವ ಸಣ್ಣ ಏರಿಳಿತಕ್ಕೆ ಯುಪಿಎಸ್ ಒಂದಿಷ್ಟು ಅಡ್ಡ ನಿಲ್ಲುತ್ತದೆ. ಹತ್ತಿರದಲ್ಲಿ ಬಡಿದರೆ ಯುಪಿಎಸ್ಸೂ ಉಳಿಯದು, ಕಂಪ್ಯೂಟರೂ ಉಳಿಯದು. ಮೋಡ ಕವಿದಾಗ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಹೊರಗಿನಿಂದ ತಾಮ್ರದ ತಂತಿಯಲ್ಲಿ ಬರುವ ಇಂಟರ್ನೆಟ್ ಅಥವಾ ಕೇಬಲ್ ಇದ್ದರೆ ಅದನ್ನೂ ಕಳಚಿ. ಎಷ್ಟೋ ಮದರ್‌ಬೋರ್ಡುಗಳು ಸುಟ್ಟಿರುವುದು ಲ್ಯಾನ್ ಪೋರ್ಟಿನ ಕಡೆಯಿಂದ.

ಸಿಡಿಲಿಗಿಂತ ಸದ್ದಿಲ್ಲದ ಇನ್ನೊಂದು ಅಪಾಯವಿದೆ. ಟಿಸಿ ಅಥವಾ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ಬರಬೇಕಾದ ಮನೆಗೆ 400 ವೋಲ್ಟಿನ ಹತ್ತಿರಕ್ಕೂ ಬರಬಹುದು. ಒಂದೇ ಬೀದಿಯ ಟಿವಿಗಳೆಲ್ಲ ಒಂದೇ ಸಂಜೆ ಹೋಗುವುದು ಹೀಗೆ. ಯುಪಿಎಸ್ ಬ್ಯಾಟರಿಗೆ ಜಿಗಿದು ಕಂಪ್ಯೂಟರನ್ನು ಉಳಿಸಬಹುದು, ತಾನು ಸುಡಬಹುದು. ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದೆ. ಅದು ಬಂದ ಮೇಲೂ ಯುಪಿಎಸ್ ಕಿರುಚುತ್ತಲೇ ಇರುತ್ತದೆ. ಏಕೆ?

ಜನರೇಟರಿನ ವೇಗ ಏರಿಳಿದರೆ ಆವರ್ತನ 50 ಹರ್ಟ್ಸ್‌ನಿಂದ ಆಚೀಚೆ ಸರಿಯುತ್ತದೆ. ಲಿಫ್ಟ್ ಹೊರಟಾಗಲೆಲ್ಲ ಹೀಗಾಗುವುದು ಸಹಜ. ಯುಪಿಎಸ್ ಅದನ್ನು ಕೆಟ್ಟ ವಿದ್ಯುತ್ತೆಂದು ತಳ್ಳಿಹಾಕುತ್ತದೆ. ಕೆಲವು ಮಾದರಿಗಳಲ್ಲಿ ಸೂಕ್ಷ್ಮತೆಯನ್ನು ಕಡಿಮೆ ಮಾಡುವ ಆಯ್ಕೆಯಿರುತ್ತದೆ, ಕೈಪಿಡಿಯಲ್ಲಿ ನೋಡಿ. ಎಲ್ಲ ಮನೆಯವರಿಗೂ ಹೀಗೆಯೇ ಆಗುತ್ತಿದ್ದರೆ ಸಂಘದ ಸಭೆಯಲ್ಲಿ ಜನರೇಟರ್ ಸರ್ವಿಸಿನ ಮಾತೆತ್ತಿ.

## ಬ್ಯಾಟರಿಯ ಗೋಳು

ಹಸಿರು ದೀಪ ಉರಿಯುತ್ತದೆ. ಆದರೆ ಕರೆಂಟು ಹೋದ ತಕ್ಷಣ ಯುಪಿಎಸ್ಸೂ ಆರುತ್ತದೆ. ಕೆಟ್ಟಿದೆಯೇ?

ಹೆಚ್ಚಾಗಿ ಕೆಟ್ಟಿರುವುದು ಬ್ಯಾಟರಿ. ಹಸಿರು ದೀಪ ಗೋಡೆಯಿಂದ ಕರೆಂಟು ಬರುತ್ತಿದೆ ಎಂದು ಹೇಳುತ್ತದೆಯೇ ಹೊರತು ಬ್ಯಾಟರಿ ಗಟ್ಟಿಯಾಗಿದೆ ಎಂದಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ: ಫೈಲುಗಳನ್ನೆಲ್ಲ ಉಳಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ಪ್ಲಗ್ ಕಿತ್ತು ಪರೀಕ್ಷಿಸಬೇಡಿ, ಅರ್ಥ್ ಕೂಡ ಕಳಚಿಹೋಗುತ್ತದೆ. ಹೊಸದಿದ್ದಾಗಿನ ಅರ್ಧಕ್ಕಿಂತ ಕಡಿಮೆಯಾದರೆ ಬದಲಿಸುವ ಸಮಯ ಬಂತು.

ಬ್ಯಾಟರಿ ಎಷ್ಟು ವರ್ಷ ಬರುತ್ತದೆ? ನಾನೇ ಬದಲಿಸಬಹುದೇ?

ಎರಡರಿಂದ ನಾಲ್ಕು ವರ್ಷ. ಎರಡೋ ನಾಲ್ಕೋ ಎಂಬುದನ್ನು ನಿರ್ಧರಿಸುವುದು ಶಾಖ. 25 ಡಿಗ್ರಿಯ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಶೀಟಿನ ಮಾಡಿನ ಕೆಳಗಿರುವ ಯುಪಿಎಸ್‌ಗೂ ಮಡಿಕೇರಿಯ ಯುಪಿಎಸ್‌ಗೂ ಒಂದೇ ಆಯುಸ್ಸು ನಿರೀಕ್ಷಿಸಬಾರದು. ಸಿಪಿಯು ಹಿಂದೆ ಬಿಸಿಗಾಳಿ ಬರುವ ಜಾಗದಲ್ಲಿ ಇಡಬೇಡಿ.

ಬದಲಿಸುವುದು ಕಷ್ಟವಲ್ಲ. ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ತಳದ ಅಥವಾ ಬದಿಯ ಮುಚ್ಚಳ ತೆರೆದರೆ ಇಟ್ಟಿಗೆಯಾಕಾರದ ಎರಡು ಕಿಲೋ ಚಿಲ್ಲರೆ ತೂಗುವ ಬ್ಯಾಟರಿ ಕಾಣುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಕೊನೆಯದನ್ನು ಸಿಕ್ಕಿಸುವಾಗ ಸಣ್ಣ ಕಿಡಿ ಹಾರುವುದುಂಟು. ಟರ್ಮಿನಲ್ಲಿನ ಅಗಲ ಎರಡು ಬಗೆ, 4.8 ಮತ್ತು 6.3 ಮಿಲಿಮೀಟರ್, ಆದ್ದರಿಂದ ಹಳೆಯದನ್ನು ಅಂಗಡಿಗೆ ಒಯ್ಯುವುದೇ ವಾಸಿ. 1000 ವಿಎ ಮಾದರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ತವೆ. ಒಂದನ್ನು ಮಾತ್ರ ಬದಲಿಸಿ ದುಡ್ಡು ಉಳಿಸಲು ಹೋಗಬೇಡಿ, ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ಬಿಚ್ಚಲಾಗದಂತೆ ಮುಚ್ಚಿದ ಮಾದರಿಯಾದರೆ, ವಾರಂಟಿಯೂ ಇದ್ದರೆ, ಸರ್ವಿಸ್ ಸೆಂಟರಿಗೆ ಬಿಡಿ. ಒಳಗೆ 230 ವೋಲ್ಟಿನ ಭಾಗಗಳೂ ಇವೆ.

ಎರಡು ತಿಂಗಳು ಊರಿಗೆ ಹೋಗುತ್ತೇವೆ. ಯುಪಿಎಸ್ ಹೇಗೆ ಬಿಟ್ಟು ಹೋಗಲಿ?

ಪೂರ್ತಿ ಚಾರ್ಜಾದ ಮೇಲೆ ಮುಂಭಾಗದ ಗುಂಡಿಯಿಂದ ಯುಪಿಎಸ್ ಆರಿಸಿ, ಆಮೇಲೆ ಪ್ಲಗ್ ಕಿತ್ತಿಡಿ. ಗೋಡೆಯ ಸ್ವಿಚ್ ಮಾತ್ರ ಆರಿಸಿ ಹೋದರೆ ಅದು ತನ್ನ ಬ್ಯಾಟರಿಯನ್ನು ತಾನೇ ಕುಡಿದು ಬರಿದಾಗುತ್ತದೆ, ಬರಿದಾಗಿ ಕುಳಿತ ಸೀಸದ ಬ್ಯಾಟರಿ ಚೇತರಿಸಿಕೊಳ್ಳುವುದು ಅಪರೂಪ.

ಒಳಗಿನ ಚಿಕ್ಕ ಬ್ಯಾಟರಿ ತೆಗೆದು ಕಾರಿನ ಬ್ಯಾಟರಿ ಜೋಡಿಸಿದರೆ ಗಂಟೆಗಟ್ಟಲೆ ಬರುತ್ತದಂತೆ, ನಿಜವೇ?

ಬರುತ್ತದೆ, ಸುಡುತ್ತದೆ ಕೂಡ. ಚಿಕ್ಕ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್ ಹತ್ತು-ಇಪ್ಪತ್ತು ನಿಮಿಷದ ದುಡಿಮೆಗೆ ಮಾಡಿದ್ದು. ಎರಡು ಗಂಟೆ ಎಳೆದರೆ ಕಾದು ಇನ್ಸುಲೇಷನ್ ಕರಗುತ್ತದೆ. ಒಳಗಿನ ಚಾರ್ಜರ್ ಕೊಡುವ ಸುಮಾರು ಒಂದು ಆಂಪಿಯರ್‌ನಲ್ಲಿ ದೊಡ್ಡ ಬ್ಯಾಟರಿ ತುಂಬಲು ದಿನಗಳೇ ಬೇಕು. ಕಾರಿನ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇರಬಾರದ ವಸ್ತು. ಹೆಚ್ಚು ಹೊತ್ತು ಬೇಕೆಂದರೆ ಸೈನ್ ವೇವ್ ಇನ್ವರ್ಟರ್ ಮತ್ತು ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿ.

## ಇನ್ನೂ ಆಳಕ್ಕೆ

ಒಳ್ಳೆಯ ಬ್ರ್ಯಾಂಡಿನ ಹೊಸ ಎಸ್‌ಎಂಪಿಎಸ್ ಹಾಕಿಸಿದೆ. ಅಂದಿನಿಂದ ಕರೆಂಟು ಹೋದಾಗ ಯುಪಿಎಸ್ ಇದ್ದೂ ಕಂಪ್ಯೂಟರ್ ಆರುತ್ತದೆ. ಮೊದಲು ಹೀಗಿರಲಿಲ್ಲ.

ನಿಮ್ಮ ಹಳೆಯ ಎಸ್‌ಎಂಪಿಎಸ್ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇತ್ತೇ? ಹೊಸದರಲ್ಲಿ ಅದಿಲ್ಲದೆ 100–240 ವೋಲ್ಟ್ ಎಂದಷ್ಟೇ ಬರೆದಿದೆಯೇ? ಹಾಗಿದ್ದರೆ ಹೊಸದರಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಭಾಗ) ಇದೆ. 80 ಪ್ಲಸ್ ಎಂಬ ದಕ್ಷತೆಯ ಗುರುತಿನ ಬಹುತೇಕ ಎಸ್‌ಎಂಪಿಎಸ್‌ಗಳು ಹೀಗೆಯೇ.

ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿದ್ದಾಗ ಸೈನ್ ವೇವ್ ಬದಲು ಮೆಟ್ಟಿಲಾಕಾರದ ತರಂಗ ಕೊಡುತ್ತವೆ. ಮೆಟ್ಟಿಲುಗಳ ನಡುವೆ ವೋಲ್ಟೇಜು ಕ್ಷಣಕಾಲ ಸೊನ್ನೆಯಲ್ಲೇ ನಿಂತಿರುತ್ತದೆ, ಆಮೇಲೆ ಒಮ್ಮೆಗೇ ಏರುತ್ತದೆ. ಪಿಎಫ್‌ಸಿ ಭಾಗ ನಯವಾದ ಅಲೆಯನ್ನು ಹಿಂಬಾಲಿಸುವಂತೆ ಮಾಡಿದ್ದು. ಈ ಜಿಗಿತಕ್ಕೆ ಅದು ಒಮ್ಮೆಲೇ ಬಹಳ ಕರೆಂಟು ಎಳೆಯುತ್ತದೆ, ಯುಪಿಎಸ್ ಓವರ್‌ಲೋಡ್ ಎಂದುಕೊಳ್ಳುತ್ತದೆ, ಅಥವಾ ಎಸ್‌ಎಂಪಿಎಸ್ಸೇ ಕೈಚೆಲ್ಲುತ್ತದೆ. ಎಲ್ಲ ಜೋಡಿಗಳಲ್ಲೂ ಹೀಗಾಗುವುದಿಲ್ಲ, ಲೋಡ್ ಕಡಿಮೆಯಿದ್ದರೆ ಎಷ್ಟೋ ಸಲ ನಡೆದುಹೋಗುತ್ತದೆ. ನಡೆಯದಿದ್ದರೆ ಪ್ಯೂರ್ ಸೈನ್ ವೇವ್ ಎಂದು ಸ್ಪಷ್ಟವಾಗಿ ಬರೆದಿರುವ ಯುಪಿಎಸ್ ಕೊಳ್ಳುವುದೇ ದಾರಿ. ಗ್ರಾಫಿಕ್ಸ್ ಕಾರ್ಡಿನ ದುಬಾರಿ ಯಂತ್ರ ಕಟ್ಟಿಸುವವರು ಯುಪಿಎಸ್ ಖರ್ಚನ್ನೂ ಆರಂಭದಲ್ಲೇ ಸೇರಿಸಿಕೊಳ್ಳಬೇಕು. ಮಿರುಗುವ ಬಣ್ಣದ ಫ್ಯಾನುಗಳಿಗೆ ಕೊಟ್ಟ ದುಡ್ಡು ಇಲ್ಲಿಗೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಮನೆಯಲ್ಲಿ ಇಲ್ಲದಾಗ ಕರೆಂಟು ಹೋದರೆ ಕಂಪ್ಯೂಟರ್ ತಾನಾಗಿಯೇ ಶಟ್‌ಡೌನ್ ಆಗುವಂತೆ ಮಾಡಬಹುದೇ?

ಯುಪಿಎಸ್ ಹಿಂಭಾಗದಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಮಾಡಬಹುದು. ಕೊಳ್ಳುವಾಗಲೇ ನೋಡಿ, ಕಡಿಮೆ ಬೆಲೆಯವುಗಳಲ್ಲಿ ಹಲವಕ್ಕೆ ಇರುವುದಿಲ್ಲ. ಕೇಬಲ್ ಜೋಡಿಸಿದರೆ ಹಲವು ಯುಪಿಎಸ್‌ಗಳನ್ನು ವಿಂಡೋಸ್ ಲ್ಯಾಪ್‌ಟಾಪಿನ ಬ್ಯಾಟರಿಯಂತೆ ಗುರುತಿಸಿ, ಇಷ್ಟು ಶೇಕಡಕ್ಕೆ ಇಳಿದಾಗ ಶಟ್‌ಡೌನ್ ಎಂದು ಹೇಳಲು ಬಿಡುತ್ತದೆ. 40 ಶೇಕಡ ಎಂದಿಡಿ, ಹಳೆಯ ಬ್ಯಾಟರಿ 20ರಿಂದ ಸೊನ್ನೆಗೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಲಿನಕ್ಸ್ ಬಳಸುವವರಿಗೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಇದೆ. ಒಂದು ಯುಪಿಎಸ್‌ನಿಂದ ಮನೆಯ ಎರಡು-ಮೂರು ಯಂತ್ರಗಳಿಗೂ ಅದು ಸಂದೇಶ ಕಳಿಸಬಲ್ಲದು.

ಸೀಸದ ಬ್ಯಾಟರಿ ತೆಗೆದು ಅದೇ ಅಳತೆಯ ಲಿಥಿಯಂ ಹಾಕಬಹುದೇ?

ಅಳತೆ ಒಂದೇ ಇರಬಹುದು, ಗುಣ ಒಂದೇ ಅಲ್ಲ. ಯುಪಿಎಸ್‌ನ ಚಾರ್ಜರ್ ಸೀಸದ ಬ್ಯಾಟರಿಗೆಂದು ಸುಮಾರು 13.6 ವೋಲ್ಟನ್ನು ಸದಾ ಹಿಡಿದಿರುತ್ತದೆ, ‘ಬ್ಯಾಟರಿ ಮುಗಿಯಿತು’ ಎಂದು ಗುರುತಿಸುವ ಮಟ್ಟವೂ ಅದಕ್ಕೆ ತಕ್ಕದ್ದೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜು ಕೊನೆಯವರೆಗೂ ಸಮನಾಗಿದ್ದು ದಿಢೀರನೆ ಕುಸಿಯುವುದರಿಂದ ಎಚ್ಚರಿಕೆಯ ಕೂಗಿಗೇ ಸಮಯವಿರುವುದಿಲ್ಲ. 300 ವ್ಯಾಟ್ ಲೋಡಿಗೆ ಬೇಕಾದ 30 ಆಂಪಿಯರ್ ಎಳೆತಕ್ಕೆ ಚಿಕ್ಕ ಲಿಥಿಯಂ ಪ್ಯಾಕಿನ ರಕ್ಷಣಾ ಸರ್ಕಿಟ್ ಕಡಿದುಕೊಳ್ಳುವುದೂ ಉಂಟು. ಲಿಥಿಯಂ ಬೇಕಿದ್ದರೆ ಲಿಥಿಯಂಗೆಂದೇ ಮಾಡಿದ ಯುಪಿಎಸ್ ಕೊಳ್ಳಿ.

ಹಳೆಯ ಬ್ಯಾಟರಿಗಳು ಅಟ್ಟದ ಮೇಲೆ ಬಿದ್ದಿವೆ. ಏನು ಮಾಡಲಿ?

ಕಸದ ಗಾಡಿಗೆ ಹಾಕಬೇಡಿ, ಒಳಗೆ ಸೀಸವೂ ಗಂಧಕಾಮ್ಲವೂ ಇವೆ. ಹೊಸದು ಕೊಳ್ಳುವ ಅಂಗಡಿಯವರೇ ಹಳೆಯದನ್ನು ತೂಕದ ಮೇಲೆ ತೆಗೆದುಕೊಂಡು ಬೆಲೆಯಲ್ಲಿ ಕಡಿತ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಉಬ್ಬಿದ, ಸೋರುವ ಬ್ಯಾಟರಿಯಾದರೆ ಬರಿಗೈಯಲ್ಲಿ ಮುಟ್ಟದೆ, ಟರ್ಮಿನಲ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಒಯ್ಯಿರಿ.